ಐಸೋನಿಯಾಜಿಡ್ ರಿಪೋರ್ಟನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಕ್ಷಯರೋಗದ ಮಾತ್ರೆಗಳ ಬಗ್ಗೆ ಬಂದ ಲೇಖನ ಓದಿದೆ. ಐಸೋನಿಯಾಜಿಡ್ ಮಾತ್ರೆ ಬೀಗದೊಳಗೆ ಕೀಲಿ ಹೊಕ್ಕ ಹಾಗೆ ರೋಗಾಣುವಿನ ಕಿಣ್ವಕ್ಕೆ ಹೋಗಿ ಕೂರುತ್ತದೆ ಎಂದು ಬರೆದಿದ್ದೀರಿ. ಓದಲು ಚೆನ್ನಾಗಿದೆ. ಆದರೆ ಈ ಮಾತ್ರೆಯ ವಿಷಯದಲ್ಲಿ ನಡೆಯುವುದು ಅಷ್ಟು ಸರಳ ಅಲ್ಲ. ನಿಜವಾಗಿ ಏನಾಗುತ್ತದೆ ಎಂದು ಗೊತ್ತಾದರೆ, ರೋಗಿಯ ಮನೆಯವರು ಆಸ್ಪತ್ರೆಯಲ್ಲಿ ಯಾವ ಪ್ರಶ್ನೆ ಕೇಳಬೇಕು ಅನ್ನೋದೂ ಗೊತ್ತಾಗುತ್ತದೆ. ಅದಕ್ಕೇ ಈ ಪತ್ರ.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡುತ್ತಿದ್ದವನು. ಸ್ಲೈಡಿಗೆ ಕಫ ಹಚ್ಚಿ, ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಹಬೆ ಏಳುವವರೆಗೆ ಕೆಳಗಿನಿಂದ ಕಾಯಿಸಬೇಕು. ಆಮೇಲೆ ಸಲ್ಫ್ಯೂರಿಕ್ ಆಸಿಡ್ ಹಾಕಿ ತೊಳೆಯಬೇಕು. ಕೊನೆಗೆ ಮೀಥಿಲೀನ್ ಬ್ಲೂ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸುತ್ತಲೂ ನೀಲಿ, ಕ್ಷಯದ ಬ್ಯಾಸಿಲಸ್ ಮಾತ್ರ ಕೆಂಪು ಕಡ್ಡಿ. ಆಸಿಡ್‌ಗೂ ಬಣ್ಣ ಬಿಡದ ಆ ಮೊಂಡುತನಕ್ಕೆ ಕಾರಣ ಅದರ ಗೋಡೆಯಲ್ಲಿರುವ ಮೈಕೋಲಿಕ್ ಆಮ್ಲ, ಅಂದರೆ ಬಹಳ ಉದ್ದದ ಒಂದು ಕೊಬ್ಬು. ಆ ಕೊಬ್ಬಿನ ಸರಪಳಿಯನ್ನು ಬೆಳೆಸುವ ಕಿಣ್ವಗಳಲ್ಲಿ ಒಂದು ಇನ್‌ಎಚ್‌ಎ. ಐಸೋನಿಯಾಜಿಡ್ ನಿಲ್ಲಿಸುವುದು ಇದರ ಕೆಲಸವನ್ನೇ. ಲ್ಯಾಬಿನಲ್ಲಿ ಬೆಳೆಸಿದ ಬ್ಯಾಸಿಲಸ್‌ಗೆ ಈ ಔಷಧಿ ಹಾಕಿದರೆ ಅದು ಕೆಂಪು ಬಣ್ಣ ಹಿಡಿದಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ!

ಈ ಔಷಧಿಯನ್ನು 1912ರಲ್ಲೇ ಪ್ರಾಗ್‌ನಲ್ಲಿ ತಯಾರಿಸಿದ್ದರು. ಯಾತಕ್ಕೆ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಸುಮ್ನೆ ಬಿದ್ದಿತ್ತು. ಕ್ಷಯಕ್ಕೆ ಮದ್ದು ಎಂದು ಜಗತ್ತಿಗೆ ತಿಳಿದದ್ದು 1952ರಲ್ಲಿ. ಸ್ಯಾನಟೋರಿಯಂಗೆ ಸೇರದೆ ಮನೆಯಲ್ಲೇ ಇದ್ದು ಮಾತ್ರೆ ತಗೊಂಡರೂ ವಾಸಿಯಾಗುತ್ತದೆ ಎಂದು 1959ರಲ್ಲಿ ಮದರಾಸಿನ ಅಧ್ಯಯನ ತೋರಿಸಿತಲ್ಲ, ಅಲ್ಲಿ ಕೊಟ್ಟದ್ದರಲ್ಲೂ ಇದಿತ್ತು. ಆದರೆ ಇದು ಕಿಣ್ವದೊಳಗೆ ಹೇಗೆ ಕೂತಿರುತ್ತದೆ ಎಂದು ಕಂಡದ್ದು 1998ರಲ್ಲಿ. ಅಮೆರಿಕದ ಜೇಮ್ಸ್ ಸ್ಯಾಕೆಟಿನಿ ಮತ್ತು ಸಂಗಡಿಗರು ಇನ್‌ಎಚ್‌ಎ ಕಿಣ್ವವನ್ನು ಔಷಧಿಯ ಸಮೇತ ಹರಳುಗಟ್ಟಿಸಿ, ಎಕ್ಸ್‌-ರೇ ಹಾಯಿಸಿ, ಯಾವ ಪರಮಾಣು ಎಲ್ಲಿದೆ ಎಂದು ಲೆಕ್ಕ ಹಾಕಿದರು.

ಆ ಚಿತ್ರದಲ್ಲಿ ನಾವು ನುಂಗುವ ಐಸೋನಿಯಾಜಿಡ್ ಅದೇ ರೂಪದಲ್ಲಿ ಇಲ್ಲವೇ ಇಲ್ಲ. ಇನ್‌ಎಚ್‌ಎ ಕೆಲಸ ಮಾಡಬೇಕಾದರೆ ಅದಕ್ಕೆ ಎನ್‌ಎಡಿಎಚ್ ಎಂಬ ಜೊತೆಗಾರ ಅಣು ಬೇಕು. ಮಾತ್ರೆಯ ಒಂದು ತುಣುಕು ಹೋಗಿ ಆ ಜೊತೆಗಾರನಿಗೇ ಅಂಟಿದೆ. ಎರಡೂ ಸೇರಿ ಒಂದೇ ಅಣುವಾಗಿ ಕಿಣ್ವದ ಕುಳಿಯಲ್ಲಿ ಗಟ್ಟಿಯಾಗಿ ಕೂತಿವೆ. ಆ ತುಣುಕಿಗೆ ಜಾಗ ಮಾಡಿಕೊಡಲು ಕಿಣ್ವದ 149ನೇ ಅಮೈನೋ ಆಮ್ಲ ಪಕ್ಕಕ್ಕೆ ತಿರುಗಿದೆ. ಮಾತ್ರೆಯನ್ನು ಇಂಥ ತುಣುಕಾಗಿ ಮಾಡುವುದು ಯಾರು ಅಂತೀರಿ? ರೋಗಾಣುವೇ! ಪೆರಾಕ್ಸೈಡ್‌ನಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಇಟ್ಟುಕೊಂಡಿರುವ ಕ್ಯಾಟ್‌ಜಿ ಎಂಬ ಇನ್ನೊಂದು ಕಿಣ್ವ ಈ ಕೆಲಸ ಮಾಡುತ್ತದೆ.

ಹಾಗಾಗಿ ಮಾತ್ರೆ ನಾಟದೆ ಹೋಗಲು ಮುಖ್ಯವಾಗಿ ಎರಡು ದಾರಿ. ಕ್ಯಾಟ್‌ಜಿ ಬದಲಾದರೆ (ಹೆಚ್ಚಾಗಿ ಅದರ 315ನೇ ಜಾಗದಲ್ಲಿ) ತುಣುಕು ಸರಿಯಾಗಿ ತಯಾರಾಗುವುದಿಲ್ಲ. ಆಗ ರೋಗಾಣು ಔಷಧಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಪ್ರತಿರೋಧ ಜಾಸ್ತಿ. ಇನ್ನೊಂದರಲ್ಲಿ ಇನ್‌ಎಚ್‌ಎ ಜೀನಿನ ಮುಂಭಾಗ ಬದಲಾಗಿ, ಕಿಣ್ವವೇ ಹೆಚ್ಚು ಹೆಚ್ಚು ತಯಾರಾಗಿ, ಮಾತ್ರೆ ಸಾಲದೆ ಬರುತ್ತದೆ. ಇಲ್ಲಿ ಪ್ರತಿರೋಧ ಕಡಿಮೆ, ಡೋಸ್ ಹೆಚ್ಚಿಸಿದರೆ ಕೆಲವೊಮ್ಮೆ ಉಪಯೋಗ ಉಂಟು. ಆದರೆ ಇಥಿಯೋನಮೈಡ್ ಎಂಬ ಇನ್ನೊಂದು ಮಾತ್ರೆಯೂ ಇದೇ ಕಿಣ್ವವನ್ನು ಹಿಡಿಯುವುದರಿಂದ ಅದೂ ಕೈಕೊಡುತ್ತದೆ. ರೋಗಾಣುವಿನ ಜೀನ್ ಬದಲಾಗಿದೆಯಾ ಎಂದು ಪಟ್ಟಿಯ ಮೇಲಿನ ಗೆರೆಗಳಲ್ಲಿ ತೋರಿಸುವ ಎಲ್‌ಪಿಎ ಎಂಬ ಪರೀಕ್ಷೆಯಲ್ಲಿ ಕ್ಯಾಟ್‌ಜಿ, ಇನ್‌ಎಚ್‌ಎ ಎಂದು ಬೇರೆ ಬೇರೆ ಗೆರೆಗಳಿರುವುದು ಇದಕ್ಕೇ.

ಈಗ ಮನೆಯವರ ಪ್ರಶ್ನೆಗೆ ಬರುತ್ತೇನೆ. ಸಾಮಾನ್ಯವಾಗಿ ಮೊದಲು ಮಾಡುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆ ರೋಗ ಇದೆಯಾ, ಕ್ಷಯದ ಇನ್ನೊಂದು ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದಾ ಎಂದಷ್ಟೇ ಹೇಳುತ್ತದೆ. ಐಸೋನಿಯಾಜಿಡ್ ಬಗ್ಗೆ ಅದು ಏನೂ ಹೇಳದು. ಅದಕ್ಕೆ ಮಾದರಿ ಎಲ್‌ಪಿಎ ಲ್ಯಾಬಿಗೆ ಹೋಗಬೇಕು. ಸರ್ಕಾರದ ನಿಯಮದಲ್ಲೂ ಇದು ಇದೆ. ನಮ್ಮ ಓಣಿಯ ಹುಡುಗನೊಬ್ಬನ ರಿಪೋರ್ಟಿನಲ್ಲಿ ರಿಫಾಂಪಿಸಿನ್ ಸೆನ್ಸಿಟಿವ್, ಅಂದರೆ ಆ ಔಷಧಿ ನಾಟುತ್ತದೆ ಎಂದು ಬಂತು. ಮನೆಯವರು ನಿರಾಳವಾದರು. ಎರಡನೇ ರಿಪೋರ್ಟ್ ಅಂತ ಒಂದಿದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ, ಆಸ್ಪತ್ರೆಯವರೂ ಹೇಳಿರಲಿಲ್ಲ. ‘ಹೋಗಿ ಕೇಳ್ರಿ’ ಎಂದು ನಾನೇ ಬೆನ್ನು ಹತ್ತಿ ಕಳಿಸಿದೆ. ತಡವಾಗಿ ಬಂದ ಆ ರಿಪೋರ್ಟಿನಲ್ಲಿ ಕ್ಯಾಟ್‌ಜಿ ಬದಲಾಗಿತ್ತು. ವೈದ್ಯರು ಐಸೋನಿಯಾಜಿಡ್ ನಿಲ್ಲಿಸಿ ಲೆವೊಫ್ಲಾಕ್ಸಸಿನ್ ಸೇರಿಸಿ ಚಿಕಿತ್ಸೆ ಬದಲಿಸಿದರು. ಅಷ್ಟು ದಿನ ಅವನು ನುಂಗಿದ ನಾಲ್ಕು ಔಷಧಿಗಳಲ್ಲಿ ಒಂದು ವ್ಯರ್ಥ, ಅಲ್ವಾ?

ಇದನ್ನು ಓದಿ ಯಾರೂ ತಾವಾಗೇ ಮಾತ್ರೆ ಬಿಡಬೇಡಿ. ಬದಲಿಸುವುದು ವೈದ್ಯರ ಕೆಲಸ, ಕೇಳುವುದು ಮಾತ್ರ ನಮ್ಮದು.

ಸಂಪಾದಕರಲ್ಲಿ ಒಂದು ಕೋರಿಕೆ. ಆ 1998ರ ರಚನೆ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಅಂತರ್ಜಾಲ ಸಂಗ್ರಹದಲ್ಲಿ 1ಝಡ್‌ಐಡಿ (1ZID) ಎಂಬ ಗುರುತಿನಲ್ಲಿ ಪುಕ್ಕಟೆ ಸಿಗುತ್ತದೆ, ಮೊಬೈಲಿನಲ್ಲೇ ತಿರುಗಿಸಿ ನೋಡಬಹುದು. ಮುಂದಿನ ಸಲ ಬೀಗ-ಕೀಲಿಯ ಚಿತ್ರದ ಬದಲು ಅದನ್ನು ಹಾಕಿ. ಪಕ್ಕದಲ್ಲಿ ‘ಐಸೋನಿಯಾಜಿಡ್ ರಿಪೋರ್ಟ್ ಬಂತಾ ಎಂದು ಕೇಳಿ’ ಎಂದು ದಪ್ಪಕ್ಷರದಲ್ಲಿ ಒಂದು ಸಾಲು ಇರಲಿ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಲಿಂಗಸುಗೂರು