ಲೂಪ್ ಓರೆಯಾದ ಮಾತ್ರಕ್ಕೆ ಪರಸ್ಪರ ಪ್ರಭಾವ ಸಾಬೀತಾಗದು

ಮಾನ್ಯ ಸಂಪಾದಕರೇ,

ನ್ಯಾನೋ ಅಯಸ್ಕಾಂತಗಳ ಜಾಲಗಳ ಬಗ್ಗೆ ವಿಜ್ಞಾನ ಪುಟಗಳಲ್ಲಿ ಬರುವ ಬರಹಗಳು ಪ್ರಯೋಗದ ಭಾಗವನ್ನು ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ: ಲೇಸರ್ ಹಾಯಿಸಿ, ಅಕ್ಕಪಕ್ಕದ ಅಯಸ್ಕಾಂತಗಳು ಒಂದರ ಮೇಲೊಂದು ಬೀರುವ ಪ್ರಭಾವವನ್ನು ಅಳೆದರು ಎಂದು. ಆ ಅಳತೆಯಲ್ಲಿ ಸಿಗುವುದು ಹಿಸ್ಟೆರಿಸಿಸ್ ಲೂಪ್, ಅಂದರೆ ಕಾಂತಕ್ಷೇತ್ರವನ್ನು ಏರಿಳಿಸಿದಂತೆ ಕಾಂತತ್ವ ಬದಲಾಗುವುದನ್ನು ತೋರಿಸುವ ಸುತ್ತುಗೆರೆ; ಅದರ ಬದಿ ಓರೆಯಾಗಿದ್ದರೆ ಪ್ರಭಾವವಿದೆ ಎಂದುಕೊಳ್ಳುವುದುಂಟು. ಆ ಅಳತೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಫಲಿತಾಂಶದ ತೂಕವೂ ಗೊತ್ತಾಗುವುದಿಲ್ಲ. ಅದಕ್ಕಾಗಿ ಈ ಪತ್ರ.

ಕಾಂತೀಯ ಲೋಹದಿಂದ ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ತುಸು ತಿರುಗುತ್ತದೆ ಎಂದು ಭೌತವಿಜ್ಞಾನಿ ಜಾನ್ ಕೆರ್ 1877ರಲ್ಲಿ ಪ್ರಕಟಿಸಿದರು. ಇಂದಿಗೂ ಮುಖ್ಯ ಸಾಧನ ಅದೇ. ನಿಕಲ್ ಮತ್ತು ಕಬ್ಬಿಣದ ಮಿಶ್ರಲೋಹವಾದ ಪರ್ಮಲಾಯ್‌ನಲ್ಲಿ, ಕಾಂತತ್ವ ಪದರದ ಸಮತಲದಲ್ಲೇ ಇದ್ದರೆ, ಈ ತಿರುವು ಡಿಗ್ರಿಯ ನೂರನೇ ಒಂದು ಭಾಗದ ಆಸುಪಾಸಿನದು. ಅದನ್ನು ಹಿಡಿಯಲು ಪೋಲರೈಸರ್‌ಗೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಶೋಧಕ) ಅಡ್ಡಲಾಗಿಟ್ಟ ಅಂಥದ್ದೇ ಎರಡನೆಯ ಶೋಧಕವಾದ ಅನಲೈಸರ್ ಅನ್ನು ಒಂದೆರಡು ಡಿಗ್ರಿ ಸರಿಸುತ್ತಾರೆ. ಸರಿಸಿದ್ದು 1 ಡಿಗ್ರಿ, ತಿರುವು 0.01 ಡಿಗ್ರಿ ಎಂದಿಟ್ಟುಕೊಂಡರೆ, ಕಾಂತತ್ವ ಎದುರು ದಿಕ್ಕಿಗೆ ಪೂರ್ತಿ ಮಗುಚಿದಾಗ ಬೆಳಕು ಅಳೆಯುವ ಫೋಟೋಡಯೋಡ್‌ಗೆ ಬೀಳುವ ಬೆಳಕು ಬದಲಾಗುವುದು ಶೇ 4ರಷ್ಟು ಮಾತ್ರ. ಇದು ಅಖಂಡ ಪದರದ ಲೆಕ್ಕ. ಬಿಡಿ ಬಿಡಿ ಅಯಸ್ಕಾಂತಗಳಲ್ಲಿ ಇನ್ನೂ ಕಡಿಮೆ.

ಎಷ್ಟು ಕಡಿಮೆ? 2006ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಕೃತಕ ಸ್ಪಿನ್ ಐಸ್‌ನ (ಒಂದರ ಮೇಲೊಂದು ಪ್ರಭಾವ ಬೀರುವಂತೆ ಜೋಡಿಸಿದ ನ್ಯಾನೋ ಅಯಸ್ಕಾಂತಗಳ ಜಾಲ) ಅಳತೆಗಳನ್ನೇ ತೆಗೆದುಕೊಳ್ಳೋಣ. (ಅವರು ನೋಡಿದ್ದು ಬೆಳಕಿನಿಂದಲ್ಲ, ಕಾಂತಬಲ ಸೂಕ್ಷ್ಮದರ್ಶಕದಿಂದ.) ಪ್ರತಿ ಪರ್ಮಲಾಯ್ ತುಣುಕು 220 ನ್ಯಾನೋಮೀಟರ್ ಉದ್ದ, 80 ಅಗಲ, 25 ದಪ್ಪ, ಜಾಲದ ಅಂತರ 320ರಿಂದ 880 ನ್ಯಾನೋಮೀಟರ್. ನೆರೆಯ ತುಣುಕಿನ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುವುದರಿಂದ, 320 ನ್ಯಾನೋಮೀಟರ್ ದೂರದಲ್ಲಿ ಅದು ಸುಮಾರು 1 ಮಿಲಿಟೆಸ್ಲಾ ಇದ್ದರೆ 880ರಲ್ಲಿ ಅದರ 20ನೇ ಒಂದು ಭಾಗ. ಹಾಗಾಗಿ ಅಗಲ ಅಂತರದ ಜಾಲವನ್ನು 'ಪ್ರಭಾವವಿಲ್ಲದ' ಹೋಲಿಕೆ ಮಾದರಿಯಾಗಿ ಬಳಸಬಹುದು, ಬಳಸಲೇಬೇಕು. ಆದರೆ 320ರ ಜಾಲದಲ್ಲಿ ಲೋಹ ಮುಚ್ಚಿರುವುದು ಶೇ 34ರಷ್ಟು ಜಾಗವನ್ನು, 880ರದ್ದರಲ್ಲಿ ಶೇ 4.5ರಷ್ಟನ್ನು. ಉಳಿದ ಬೆಳಕು ಬರಿಯ ಸಿಲಿಕಾನ್‌ನಿಂದ ಬರುತ್ತದೆ: ಸಂಕೇತ ಶೂನ್ಯ, ಗದ್ದಲ ಮಾತ್ರ. ಎರಡರಲ್ಲೂ ಒಂದೇ ಸ್ಪಷ್ಟತೆ ಬೇಕಿದ್ದರೆ ಹೋಲಿಕೆ ಮಾದರಿಯನ್ನು ಸುಮಾರು 57 ಪಟ್ಟು ಹೆಚ್ಚು ಹೊತ್ತು ಅಳೆಯಬೇಕಾಗುತ್ತದೆ. ಅತ್ಯಗತ್ಯವಾದ ಈ ಅಳತೆಯನ್ನೇ ಕೈಬಿಡಲು ಇರುವ ಆಮಿಷ ಇದು.

ಕೈಬಿಟ್ಟರೆ ಆಗುವುದೇನು? ಗೋಚರ ಬೆಳಕಿನ ಲೇಸರ್ ಚುಕ್ಕೆಯಡಿ ಸಾಮಾನ್ಯವಾಗಿ ಹಲವು ತುಣುಕುಗಳಿರುತ್ತವೆ. ಸಿಗುವ ಹಿಸ್ಟೆರಿಸಿಸ್ ಲೂಪ್ ಅವೆಲ್ಲದರ ಸರಾಸರಿ. ಅಂಚಿನ ಒರಟುತನದಿಂದಾಗಿ ಯಾವ ಎರಡು ತುಣುಕುಗಳೂ ಒಂದೇ ಕ್ಷೇತ್ರದಲ್ಲಿ ಮಗುಚುವುದಿಲ್ಲ. ಮಗುಚುವ ಕ್ಷೇತ್ರ 50 ಮಿಲಿಟೆಸ್ಲಾ ಎಂದುಕೊಂಡರೆ, ಅದರಲ್ಲಿ ಶೇ 5ರ ಹರವು ಎಂದರೆ 2.5 ಮಿಲಿಟೆಸ್ಲಾ. ಅಂದರೆ ನಾವು ಹುಡುಕುತ್ತಿರುವ ಪ್ರಭಾವಕ್ಕಿಂತ ದೊಡ್ಡದು. ಲೂಪಿನ ಬದಿ ಓರೆಯಾಗಲು ಅಷ್ಟೇ ಸಾಕು, ನೆರೆಯವರು ಬೇಕಿಲ್ಲ.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಎಲೆಕ್ಟ್ರಾನ್ ಕಿರಣದಿಂದ ವಿನ್ಯಾಸ ಬರೆಯುವಾಗ ಸಿಲಿಕಾನ್‌ನೊಳಗೆ ಹೊಕ್ಕ ಎಲೆಕ್ಟ್ರಾನ್‌ಗಳು ಚದುರಿ ವಾಪಸ್ ಬಂದು ಸುತ್ತಲಿನ ರೆಸಿಸ್ಟ್ (ವಿನ್ಯಾಸ ಮೂಡುವ, ಎಲೆಕ್ಟ್ರಾನ್‌ಗೆ ಸ್ಪಂದಿಸುವ ಲೇಪ) ಅನ್ನೂ ತಾಕುತ್ತವೆ. ಒತ್ತೊತ್ತಾದ ಜಾಲದಲ್ಲಿ ಈ ಹೆಚ್ಚುವರಿ ಡೋಸ್ (ಬೀಳುವ ಎಲೆಕ್ಟ್ರಾನ್‌ಗಳ ಪ್ರಮಾಣ) ಜಾಸ್ತಿ, ತುಣುಕುಗಳು ಕೆಲವು ನ್ಯಾನೋಮೀಟರ್ ಅಗಲವಾಗಿ ಮೂಡುತ್ತವೆ. ಉದ್ದಕ್ಕೆ ಹೋಲಿಸಿದರೆ ಅಗಲ ಹೆಚ್ಚಾದ ತುಣುಕು ಕಡಿಮೆ ಕ್ಷೇತ್ರದಲ್ಲೇ ಮಗುಚುತ್ತದೆ. ಅಂತರ ಕಡಿಮೆ ಮಾಡಿದಂತೆ ಮಗುಚುವ ಕ್ಷೇತ್ರ ಇಳಿಯಿತು ಎಂಬ ಗ್ರಾಫ್ ಆಗ ನೋಡಲು ಚೆನ್ನಾಗಿಯೇ ಬರುತ್ತದೆ, ಕಾರಣ ಮಾತ್ರ ಬೇರೆ. ಪ್ರತಿ ಅಂತರಕ್ಕೂ ಡೋಸ್ ಬೇರೆ ಬೇರೆ ಹೊಂದಿಸಿ, ಅಳೆದ ಜಾಲವನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಅಗಲ ಒಂದೇ ಇದೆಯೆಂದು ಖಚಿತಪಡಿಸಿಕೊಳ್ಳದೆ ಆ ಗ್ರಾಫ್ ಅನ್ನು ನಂಬಬಾರದು.

ಬೆಳಕಿನ ದಾರಿಯಲ್ಲೂ ತೊಡಕುಗಳಿವೆ. ಕ್ಷೇತ್ರ ಕೊಟ್ಟಾಗ ಆಬ್ಜೆಕ್ಟಿವ್ ಲೆನ್ಸ್‌ನ ಗಾಜು ಕೂಡ ಫ್ಯಾರಡೆ ಪರಿಣಾಮದಿಂದ ಧ್ರುವೀಕರಣವನ್ನು ತಿರುಗಿಸಿ ಲೂಪಿಗೆ ಇಳಿಜಾರು ಸೇರಿಸುತ್ತದೆ. ಪಕ್ಕದ ಬರಿಯ ಸಿಲಿಕಾನ್ ಮೇಲೆ ಅಳೆದು ಕಳೆಯಬೇಕು. ಲೂಪಿನ ತುದಿಗಳು ಕೂಡದಿದ್ದರೆ ಮಾದರಿ ಸರಿಯುತ್ತಿದೆ, ಇಲ್ಲವೇ ಲೇಸರ್‌ನ ಪ್ರಖರತೆ ಏರಿಳಿಯುತ್ತಿದೆ. ಚುಕ್ಕೆಯ ಬಿಸಿಯೂ ತುಣುಕುಗಳನ್ನು ಬೇಗ ಮಗುಚಿಸಬಲ್ಲದು: ಲೇಸರ್ ಅರ್ಧಕ್ಕೆ ಇಳಿಸಿ ಮತ್ತೆ ಅಳೆದಾಗ ಲೂಪಿನ ಅಗಲ ಬದಲಾದರೆ ಮೊದಲ ಅಳತೆ ಕೆಟ್ಟಿದೆ ಎಂದೇ ಅರ್ಥ.

ಹರವನ್ನೂ ಪ್ರಭಾವವನ್ನೂ ಬೇರ್ಪಡಿಸುವ ದಾರಿ ಇಲ್ಲವೆಂದಲ್ಲ. ಭೌತವಿಜ್ಞಾನಿ ವೋಲ್ಫಾರ್ತ್ 1958ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಒದಗುತ್ತದೆ. ಕಾಂತತ್ವ ಕಳೆದ ಸ್ಥಿತಿಯಿಂದ ಹೊರಟು, ಒಂದು ಕ್ಷೇತ್ರ ಕೊಟ್ಟು ಸೊನ್ನೆಗೆ ತಂದಾಗ ಉಳಿಯುವ ಕಾಂತತ್ವ ಒಂದು. ಒಂದೇ ದಿಕ್ಕಿಗೆ ಪೂರ್ತಿ ತಿರುಗಿಸಿ, ಅಷ್ಟೇ ಕ್ಷೇತ್ರವನ್ನು ಎದುರು ದಿಕ್ಕಿಗೆ ಕೊಟ್ಟಾಗ ಉಳಿಯುವುದು ಇನ್ನೊಂದು. ಪ್ರಭಾವವಿಲ್ಲದಿದ್ದರೆ ಎರಡನೆಯದು, ಗರಿಷ್ಠ ಉಳಿಕೆಯಲ್ಲಿ ಮೊದಲನೆಯದರ ಎರಡರಷ್ಟು ಕಳೆದಷ್ಟಕ್ಕೆ ಸಮ. ಹರವು ಎಷ್ಟಿದ್ದರೂ ಈ ಸಮತೆ ನಿಲ್ಲುತ್ತದೆ ಎಂಬುದೇ ಇದರ ಶಕ್ತಿ. ಅಳೆದ ಎರಡನೆಯದರಲ್ಲಿ ಈ ಲೆಕ್ಕದ ಮೌಲ್ಯವನ್ನು ಕಳೆದಾಗ ಸಿಗುವ ವ್ಯತ್ಯಾಸ ಋಣವಾದರೆ ನೆರೆಯ ತುಣುಕುಗಳು ಒಟ್ಟು ಕಾಂತತ್ವವನ್ನು ಕುಗ್ಗಿಸುತ್ತಿವೆ. ಕೆರ್ ಸಂಕೇತ ನಿಮಿಷಗಳಲ್ಲೇ ಅಲೆಯುವುದರಿಂದ ಪ್ರತಿ ಬಿಂದುವಿನ ಹಿಂದೆ ಮುಂದೆ ಎರಡೂ ಗರಿಷ್ಠ ಸ್ಥಿತಿಗಳನ್ನು ಅಳೆದಿಡಬೇಕು. ಕಾಂತತ್ವ ಕಳೆಯುವಾಗ ದಿಕ್ಕು ಬದಲಿಸುತ್ತ ಕ್ಷೇತ್ರ ಇಳಿಸುವ ಹಂತ 1 ಮಿಲಿಟೆಸ್ಲಾಗಿಂತ ಬಹಳ ಚಿಕ್ಕದಿರಲಿ.

ಬ್ರಿಲ್ವಾ ಬೆಳಕಿನ ಚದುರುವಿಕೆ (ಲೋಹದೊಳಗಿನ ಕಾಂತೀಯ ಅಲೆಗಳಿಗೆ ತಾಕಿ ಚದುರಿದ ಬೆಳಕಿನ ಆವರ್ತನ ಸರಿಯುವುದು) ಇದಕ್ಕೆ ಒಳ್ಳೆಯ ಜೊತೆ. 532 ನ್ಯಾನೋಮೀಟರ್ ಹಸಿರು ಲೇಸರ್‌ನ ಆವರ್ತನ ಕೆಲವು ಗಿಗಾಹರ್ಟ್ಸ್‌ನಷ್ಟು ಸರಿಯುವುದನ್ನು ಜೋಡಿ ಫ್ಯಾಬ್ರಿ-ಪೆರೋ ಉಪಕರಣ ಹಿಡಿಯುತ್ತದೆ. ಲಕ್ಷಕ್ಕೆ ಒಂದರಷ್ಟು ಬದಲಾವಣೆ. ತುಣುಕುಗಳು ಒಂಟಿಯಾಗಿದ್ದರೆ ಬೆಳಕು ಬೀಳುವ ಕೋನ ಬದಲಿಸಿದರೂ ಆ ಆವರ್ತನ ಕದಲುವುದಿಲ್ಲ, ನಂಟಿದ್ದರೆ ಕದಲುತ್ತದೆ. 400 ನ್ಯಾನೋಮೀಟರ್ ಜಾಲದಲ್ಲಿ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಸಂಗ್ರಹಿಸುವಾಗ, ಸೊನ್ನೆಯಿಂದ 19.4 ಡಿಗ್ರಿವರೆಗೆ ಅಳೆದರೆ ಬ್ರಿಲ್ವಾ ವಲಯದ ಅಂಚು, ಅಂದರೆ ಜಾಲದಲ್ಲಿ ಅಳೆಯಬೇಕಾದ ಅಲೆಗಳ ಮಿತಿ, ಮುಟ್ಟಿದಂತೆ.

ಈ ವಿಷಯದ ವರದಿ ಬರೆಯುವ ಮುನ್ನ ವಿಜ್ಞಾನಿಗಳನ್ನು ಮೂರು ಸಂಗತಿ ಕೇಳಿ ಎಂಬುದು ನಮ್ಮ ಕೋರಿಕೆ: ಅಗಲ ಅಂತರದ ಹೋಲಿಕೆ ಜಾಲವನ್ನು ಅಳೆದಿದ್ದೀರಾ, ಎರಡರಲ್ಲೂ ತುಣುಕಿನ ಅಗಲ ಎಷ್ಟು ನ್ಯಾನೋಮೀಟರ್, ಮಗುಚುವ ಕ್ಷೇತ್ರದ ಹರವು ಎಷ್ಟು? ಉತ್ತರ ಸಿಕ್ಕರೆ ಆ ಅಂಕಿಗಳನ್ನೂ ದಯವಿಟ್ಟು ಅಚ್ಚು ಮಾಡಿ.

ಇಂತಿ,
ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಓದುಗರು