ಕುರ್ಚಿ ಬಿಟ್ಟುಕೊಟ್ಟವರಿಗೆ

22 ದಿನಗಳ ಪ್ರವಾಸ ಮುಗಿಸಿ ಅಮ್ಮನೊಂದಿಗೆ ಮನೆಗೆ ಹೊರಟ ದಿನವದು. ಮೊದಲ ವಿಮಾನ ಮೂರು ಗಂಟೆ ತಡವಾಯಿತು, ಮುಂದಿನದು ತಪ್ಪಿಯೇ ಹೋಯಿತು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಅಮ್ಮನ ರಕ್ತದೊತ್ತಡದ ಮಾತ್ರೆಗಳೋ, ಲಗೇಜಿಗೆ ಹಾಕಿದ ಸೂಟ್‌ಕೇಸಿನಲ್ಲಿ ಸೇರಿಹೋಗಿದ್ದವು. ಮೊದಲು ಕೈಚೀಲಕ್ಕೆ ಹಾಕಬೇಕಾದದ್ದೇ ಅವು.

ವಿಮಾನ ಸಂಸ್ಥೆಯ ಕೌಂಟರಿನಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ನನ್ನ ದನಿ ನಡುಗುತ್ತಿತ್ತು. ನೀವು ಟಿಕೆಟ್ ಕೇಳಲಿಲ್ಲ. ಕೌಂಟರಿನ ಹಿಂದಿದ್ದ ನಿಮ್ಮದೇ ಕುರ್ಚಿಯನ್ನು ಎಳೆದುತಂದು ಮೊದಲು ಅಮ್ಮನನ್ನು ಕೂರಿಸಿದಿರಿ. ಆಮೇಲೆ ಲಗೇಜು ಚೀಟಿಯ ಹತ್ತು ಅಂಕಿಗಳನ್ನು ಬೆರಳಿಟ್ಟು ಓದುತ್ತಾ ಎರಡು ಕಡೆ ಫೋನು ಮಾಡಿ ಸೂಟ್‌ಕೇಸನ್ನು ತರಿಸಿದಿರಿ. ಬೆಳಗಿನ ವಿಮಾನದಲ್ಲಿ ಅಕ್ಕಪಕ್ಕದ ಸೀಟು ಸಿಗುವವರೆಗೂ ನಿಂತುಕೊಂಡೇ ಹುಡುಕಿದಿರಿ. ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಗೇಟಿನ ಸಂಖ್ಯೆಯನ್ನು, ಅಮ್ಮನಿಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿ, ನೀಲಿ ಪೆನ್ನಿನಲ್ಲಿ ಎರಡೆರಡು ಸಲ ತೀಡಿ ಬರೆದುಕೊಟ್ಟಿರಿ.

ಮಾತ್ರೆ ನುಂಗಿ ನೀರು ಕುಡಿದ ಅಮ್ಮ ಕುಳಿತಲ್ಲೇ ನನಗೆ ಒರಗಿ ಕಣ್ಣು ಮುಚ್ಚಿದಳು. ಆಗಲೇ ನನಗೂ ಹೋದ ಜೀವ ಬಂದಂತಾಯಿತು. ಹೆಸರು ಕೇಳೋಣವೆಂದು ತಿರುಗಿದರೆ ನೀವು ಆಗಲೇ ಮುಂದಿನ ಪ್ರಯಾಣಿಕರ ಮಾತು ಕೇಳುತ್ತಿದ್ದಿರಿ, ಇನ್ನೂ ನಿಂತುಕೊಂಡೇ.

ನೀವು ಬರೆದುಕೊಟ್ಟ ಆ ಬೋರ್ಡಿಂಗ್ ಪಾಸನ್ನು ಅಮ್ಮ ತನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ನಮ್ಮಿಬ್ಬರ ನಮಸ್ಕಾರ ನಿಮಗೆ.