ಜಿಪಿಎಸ್ ಫೋಟೋ ಇಲಾಖೆಗೆ ಸಾಕು, ಸ್ಟೇಟಸ್ಸಿಗೆ ಬೇಡ

ಮಾನ್ಯ ಸಂಪಾದಕರೇ,

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಿಡ ನೆಟ್ಟರೂ, ಬಿಸಿಯೂಟ ಬಡಿಸಿದರೂ, ಶೌಚಾಲಯದ ಬಾಗಿಲು ರಿಪೇರಿ ಮಾಡಿಸಿದರೂ ‘ಜಿಪಿಎಸ್ ಫೋಟೋ ಹಾಕಿ ಮೇಡಂ’ ಎಂದು ಮೆಸೇಜು ಬರುತ್ತದೆ. ಅಂದರೆ ತೆಗೆದ ಜಾಗ, ಹೊತ್ತು ಕೆಳಗೇ ಅಚ್ಚಾಗಿರುವ ಫೋಟೋ. ನರೇಗಾದಲ್ಲಂತೂ 2023ರ ಜನವರಿಯಿಂದ ಕೂಲಿಕಾರರ ಹಾಜರಾತಿಗೇ ದಿನಕ್ಕೆ ಎರಡು ಸಲ ಇಂಥ ಫೋಟೋ ಕಡ್ಡಾಯವಾಯಿತು. ಕೆಲಸ ನಿಜವಾಗಿ ನಡೆದಿದೆಯಾ ಎಂದು ನೋಡಲು ಇದು ಬೇಕು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಅದೇ ಕ್ಯಾಮೆರಾ ಈಗ ಮನೆಯೊಳಗೂ ಬಂದಿದೆ. ಹೋದ ತಿಂಗಳು ತಂಗಿಯ ಮನೆಯಲ್ಲಿ ಮಗುವಿನ ತೊಟ್ಟಿಲ ಶಾಸ್ತ್ರ. ಕೈ ಅಭ್ಯಾಸ, ಶಾಲೆಯ ಆ್ಯಪಿನಲ್ಲೇ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಬಿಟ್ಟೆ. ಸಂಜೆ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ‘ಮೇಡಂ, ಕೆಳಗಡೆ ನೋಡಿದ್ರಾ?’ ಎಂದರು. ತೊಟ್ಟಿಲ ಕೆಳಗೆ ಕಪ್ಪು ಪಟ್ಟಿ. ಎಡಕ್ಕೆ ಪುಟ್ಟ ಮ್ಯಾಪು, ಅದರಲ್ಲೊಂದು ಕೆಂಪು ಗುರುತು. ಪಕ್ಕದಲ್ಲಿ ಬಿಳಿ ಅಕ್ಷರದಲ್ಲಿ ಬಡಾವಣೆ, ಕ್ರಾಸು, ಪಿನ್‌ಕೋಡು, ಗಂಟೆ ನಿಮಿಷ, ಅಕ್ಷಾಂಶ ರೇಖಾಂಶ. ಆ ಅಕ್ಷಾಂಶದಲ್ಲಿ ಚುಕ್ಕಿಯ ನಂತರ ಆರು ಅಂಕಿ ಇದ್ದವು. ನಾಲ್ಕನೇ ಅಂಕಿಗೇ ಜಾಗದ ಲೆಕ್ಕ ಸುಮಾರು 11 ಮೀಟರಿಗೆ ಇಳಿದಿರುತ್ತದೆ. ಬೀದಿಯಷ್ಟೇ ಅಲ್ಲ, ಮನೆಯೇ ಗೊತ್ತಾಗುತ್ತದೆ. ಬಾಣಂತಿ, ಹಸುಗೂಸು, ವಯಸ್ಸಾದ ಅಮ್ಮ ಇರುವ ಮನೆ. ಅಷ್ಟರಲ್ಲಿ ನೂರಕ್ಕೂ ಜಾಸ್ತಿ ಜನ ನೋಡಿ ಆಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಪಟ್ಟಿಯಾದರೂ ಕಣ್ಣಿಗೆ ಕಾಣುತ್ತದೆ, ಕತ್ತರಿಸಬಹುದು. ಕಾಣದೇ ಇರುವುದು ಇನ್ನೊಂದಿದೆ. ಫೋನಿನ ಮಾಮೂಲಿ ಕ್ಯಾಮೆರಾದಲ್ಲೂ ಲೊಕೇಶನ್ ಆನ್ ಇದ್ದರೆ ಫೋಟೋದ ಫೈಲಿನೊಳಗೇ ಜಾಗ, ದಿನಾಂಕ, ಫೋನಿನ ಮಾಡೆಲ್ ಬರೆದುಕೊಂಡಿರುತ್ತದೆ. ಇದಕ್ಕೆ ಎಕ್ಸಿಫ್ ಎನ್ನುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋವನ್ನು ಫೋಟೋ ಆಗಿಯೇ ಕಳಿಸಿದರೆ ಇದು ಉದುರಿಹೋಗುತ್ತದೆ. ಆದರೆ ‘ಡಾಕ್ಯುಮೆಂಟ್ ಆಗಿ ಕಳಿಸಿ, ಕ್ಲಿಯರ್ ಬರುತ್ತೆ’ ಎಂದು ನಾವೇ ಹೇಳುತ್ತೇವಲ್ವಾ? ಹಾಗೆ ಕಳಿಸಿದಾಗ ಒಳಗಿರುವುದೆಲ್ಲ ಹಾಗೇ ಹೋಗುತ್ತದೆ. ಇಮೇಲ್‌ನಲ್ಲೂ ಅಷ್ಟೇ. ಹಳೇ ಮಂಚ ಮಾರಲು, ಬಾಡಿಗೆ ಮನೆ ತೋರಿಸಲು ಗುರುತಿಲ್ಲದವರಿಗೆ ಹೀಗೆ ಫೋಟೋ ಕಳಿಸುವವರು ಎಷ್ಟು ಜನ!

ತಪ್ಪಿಸುವುದು ಕಷ್ಟವಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಐಫೋನಿನಲ್ಲಿ ಫೋಟೋ ಶೇರ್ ಮಾಡುವಾಗ ಮೇಲೆ ‘ಆಪ್ಷನ್ಸ್’ ಇರುತ್ತದೆ, ಅದರಲ್ಲಿ ಲೊಕೇಶನ್ ಆಫ್ ಮಾಡಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ ಈ ವಿವರ ತೆಗೆದುಹಾಕುವ ಸಾಲು ತಳದಲ್ಲೇ ಸಿಗುತ್ತದೆ. ಇದ್ಯಾವುದೂ ಬೇಡ ಎನ್ನುವ ನಮ್ಮಮ್ಮನಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ: ಫೋಟೋ ತೆರೆದು ಸ್ಕ್ರೀನ್‌ಶಾಟ್ ತೆಗೆ, ಅದನ್ನು ಕಳಿಸು. ಸ್ಕ್ರೀನ್‌ಶಾಟ್‌ಗೆ ಮೂಲ ಫೋಟೋದ ಎಕ್ಸಿಫ್ ಬರುವುದಿಲ್ಲ. ಕಪ್ಪು ಪಟ್ಟಿ ಇದ್ದರೆ ಮಾತ್ರ ಅದನ್ನು ಕತ್ತರಿಸಲೇಬೇಕು.

ಮನೆಯದು ನಮ್ಮ ಕೈಯಲ್ಲಿದೆ. ಶಾಲೆಯ ಮಕ್ಕಳದ್ದು ಹಾಗಲ್ಲ. ಯೂನಿಫಾರ್ಮ್ ಹಾಕಿದ ಹೆಣ್ಣುಮಗು, ಮುಖ ಸ್ಪಷ್ಟ, ಕೆಳಗೆ ಜಾಗ ಮತ್ತು ಹೊತ್ತು. ಆ ಮಗು ದಿನಾ ಎಲ್ಲಿ ಸಿಗುತ್ತದೆ ಎಂದು ಯಾರಿಗೆ ಬೇಕಾದರೂ ಗೊತ್ತಾಗುತ್ತದೆ. ಇಂಥ ಫೋಟೋಗಳು ಗ್ರೂಪಿನಿಂದ ಗ್ರೂಪಿಗೆ, ಅಲ್ಲಿಂದ ಫೇಸ್‌ಬುಕ್ಕಿಗೆ ಹೋಗುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಶಿಕ್ಷಣ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಲಿ. ಮಕ್ಕಳಿರುವ ಜಿಪಿಎಸ್ ಫೋಟೋ ಇಲಾಖೆಯ ಪೋರ್ಟಲ್‌ಗೆ ಮಾತ್ರ ಹೋಗಲಿ. ಊರವರ ಗ್ರೂಪಿಗೆ ಬೇಕಿದ್ದರೆ ಪಟ್ಟಿಯಿಲ್ಲದ ಇನ್ನೊಂದು ಫೋಟೋ ತೆಗೆಯುತ್ತೇವೆ. ನಮ್ಮ ಶಾಲೆಯಲ್ಲಿ ಈ ವಾರದಿಂದ ಹಾಗೇ ಮಾಡುತ್ತಿದ್ದೇವೆ.

— ಒಬ್ಬ ಶಿಕ್ಷಕಿ, ತುಮಕೂರು ಜಿಲ್ಲೆ